ಸೈರಕಾನ್ ನುಂಗಿಕೊಂಡ ಅಳು

ನಮ್ಮ ಸಾರಿ-ತೋಬೋದಲ್ಲಿ ಗಂಡಸರು ಎರಡೇ ಥರ. ಒಂದು, ಮುಂದಿನ ಬಾಗಿಲಿಂದ ನನ್ನ ಅಂಗಡಿಗೆ ಬಂದು ವೋಡ್ಕಾ ಕೇಳುವವರು. ಇನ್ನೊಂದು, ವೋಡ್ಕಾ ಮಾರುವುದು ಮಹಾಪಾಪ ಎಂದು ಅದೇ ಬಾಗಿಲಲ್ಲಿ ನಿಂತು ನನಗೆ ಉಪದೇಶ ಮಾಡಿ, ಆಮೇಲೆ ಹಿಂದಿನ ಬಾಗಿಲಿಗೆ ತಮ್ಮನನ್ನು ಕಳಿಸುವವರು. ಈ ಎರಡು ಜಾತಿಯನ್ನೂ ವರ್ಷಗಟ್ಟಲೆ ಗಲ್ಲಾ ಹಿಂದೆ ಕೂತು ನೋಡಿದ್ದೇನೆ. ಯಾವುದು ಹೆಚ್ಚು ಹೇಸಿಗೆ ಎಂದು ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ನನ್ನನ್ನೂ ಒಳ್ಳೆಯವಳು ಎಂದು ತಿಳಿಯಬೇಡಿ. ಬೆಳಿಗ್ಗೆ ಬಿಸ್ಮಿಲ್ಲಾ ಎಂದು ಅಂಗಡಿಯ ಬೀಗ ತೆಗೆಯುತ್ತೇನೆ, ಅದೇ ಉಸಿರಲ್ಲಿ ಬಾಟಲಿಗಳ ಧೂಳು ಒರೆಸುತ್ತೇನೆ. ನಾವು ಬೆಟ್ಟದ ಕಿರ್ಗಿಜ್ ಜನ, ನಮ್ಮ ಮುಸಲ್ಮಾನಿಕೆ ಹೀಗೆಯೇ. ದಕ್ಷಿಣದ ಓಶ್ ಪಟ್ಟಣದ ಕಡೆಯವರು ನಮ್ಮನ್ನು ಅರ್ಧ ಮುಸಲ್ಮಾನರು ಎಂದು ನಗುತ್ತಾರೆ. ನಾವು ಕಜಾಕರನ್ನು ಕಾಲು ಮುಸಲ್ಮಾನರು ಎಂದು ನಗುತ್ತೇವೆ. ಕಜಾಕರು ಯಾರನ್ನು ನೋಡಿ ನಗುತ್ತಾರೋ ನನಗೆ ಗೊತ್ತಿಲ್ಲ.

ಈ ಊರಲ್ಲಿ ಪೂರ್ತಿ ಮುಸಲ್ಮಾನಳು ಎಂದು ನಾನು ಒಪ್ಪುವುದು ಒಬ್ಬಳನ್ನೇ, ನಾವೆಲ್ಲ ಎಜೆ, ಅಂದರೆ ಅಕ್ಕ, ಎನ್ನುವ ಸೈರಕಾನ್‌ಳನ್ನು. ಅವಳ ಕಥೆ ಹೇಳಲು ಕೂತರೆ ನನಗೆ ಬಾಯಲ್ಲಿ ಕಹಿ ಬರುತ್ತದೆ. ಆದರೂ ಹೇಳುತ್ತೇನೆ.

ಸೈರಕಾನ್ ಕಲೆಕ್ಟಿವ್ ಫಾರ್ಮಿನಲ್ಲಿ ಹಾಲು ಕರೆಯುತ್ತಿದ್ದವಳು. ಹಿಡಿಯಷ್ಟು ಮೈ, ಮೊರದಗಲದ ಕೈ. ಗಂಡ ಕುರಿ ಕಾಯುತ್ತಿದ್ದ, ಬೇಗ ಸತ್ತ. ಉಳಿದದ್ದು ಒಬ್ಬಳೇ ಮಗಳು ಜೀಪಾರ್, ನಾಲ್ಕಾರು ಹೆಣ್ಣು ಕುದುರೆ. ಬೇಸಿಗೆ ಬಂದರೆ ಕುದುರೆಗಳ ಜೊತೆ ಮೇಲಿನ ಹುಲ್ಲುಗಾವಲಿಗೆ ಹತ್ತುವಳು, ಚಳಿ ಬಿದ್ದಾಗ ಇಳಿಯುವಳು. ಐದು ಹೊತ್ತು ನಮಾಜು ಬಿಟ್ಟವಳಲ್ಲ. ಕಮ್ಯುನಿಸ್ಟ್ ಪಾರ್ಟಿಯ ಕಾಲದಲ್ಲಿ, ನಮಾಜು ಮಾಡಿದವರ ಹೆಸರು ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದ ಕಾಲದಲ್ಲೂ, ಕೊಟ್ಟಿಗೆಯ ಹುಲ್ಲಿನ ಮೇಲೆ ಹಣೆ ಇಟ್ಟವಳು. ಅವಳ ಅರಬಿ ಅಜ್ಜಿಯ ಬಾಯಿಂದ ಬಂದದ್ದು. ಅಜ್ಜಿಗೆ ಹಲ್ಲಿರಲಿಲ್ಲವಾದ್ದರಿಂದ ಕುರಾನಿನ ಆಯತ್ತುಗಳೂ ಹಾಗೆಯೇ ಬಂದಿದ್ದವು. ಹೊಸದಾಗಿ ಗಡ್ಡ ಬಿಟ್ಟ ಹುಡುಗರು ಅದನ್ನು ಕೇಳಿ ಮುಖ ಕಿವುಚುತ್ತಿದ್ದರು.

ಅವಳ ಇನ್ನೊಂದು ಕೆಲಸ, ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದು. ಕೊಶೋಕ್ ಎನ್ನುತ್ತೇವೆ. ಅಂಗಳದಲ್ಲಿ ಉಣ್ಣೆಯ ಗುಡಾರ ಹಾಕಿ ಹೆಣವನ್ನು ಒಳಗೆ ಮಲಗಿಸುತ್ತೇವಲ್ಲ, ಅಲ್ಲಿ ಹೆಂಗಸರು ಸೊಂಟಕ್ಕೆ ಕೈಕೊಟ್ಟು ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಹಿರಿಯಳು ಹಾಡು ಎತ್ತಿಕೊಡುತ್ತಾಳೆ. ಸತ್ತವರು ಹುಟ್ಟಿದ ದಿನದಿಂದ ಕಣ್ಣು ಮುಚ್ಚಿದ ದಿನದವರೆಗೂ ಹಾಡಿನಲ್ಲಿ ನಡೆಸಿಕೊಂಡು ಬರಬೇಕು. ಬರೀ ಹೊಗಳಿಕೆಯಲ್ಲ ಅದು. ಕೊಶೋಕಿನಲ್ಲಿ ಹೆಂಗಸು ಏನು ಬೇಕಾದರೂ ಹೇಳಬಹುದು, ಮುಗಿಯುವ ತನಕ ಯಾರೂ ಅಡ್ಡ ಬಾಯಿ ಹಾಕುವಂತಿಲ್ಲ. ಒಮ್ಮೆ ಒಬ್ಬ ಕುರುಬ ಸತ್ತಾಗ, ಅವನು ಹಾಸಿಗೆ ಹಿಡಿದಿದ್ದಾಗಲೇ ತಮ್ಮಂದಿರು ಕುರಿಗಳ ಕಿವಿಗೆ ತಮ್ಮ ಗುರುತು ಹಾಕಿಕೊಂಡದ್ದನ್ನು ಸೈರಕಾನ್ ರಾಗವಾಗಿ ಹೇಳಿದಳು. ಸಾವಿನ ಮನೆಯ ರೂಢಿಯಂತೆ ಹೊರಗೆ ಕೋಲೂರಿ ನಿಂತಿದ್ದ ತಮ್ಮಂದಿರು ತಲೆ ತಗ್ಗಿಸಿದರು. ಮಾರನೆಯ ದಿನ ಕುರಿಗಳು ವಿಧವೆಯ ಕೊಟ್ಟಿಗೆಗೆ ವಾಪಸು ಬಂದವು. ನಮ್ಮ ಕಡೆ ಹೆಂಗಸಿಗೆ ಊರ ಮುಂದೆ ಮಾತಾಡಲು ಇರುವ ಜಾಗ ಅದೊಂದೇ.

ಅದಕ್ಕೇ ಗಂಡಸರಿಗೆ ಅದನ್ನು ಕಂಡರೆ ಆಗುವುದಿಲ್ಲ. ಕಾಲಕಾಲಕ್ಕೆ ಬೇರೆ ಬೇರೆ ನೆಪ ಹೇಳುತ್ತಾರೆ, ಅಷ್ಟೇ.

ಮೊದಲ ನೆಪ ಹೇಳಿದವನು ತುರ್ದುಬೆಕ್ ಮೇಷ್ಟ್ರು. ಆಗಿನ್ನೂ ಮೇಷ್ಟ್ರಾಗಿರಲಿಲ್ಲ, ಯುವಕರ ಪಾರ್ಟಿಯ ಕಾರ್ಯದರ್ಶಿ. ಸೈರಕಾನ್ ಅಪ್ಪ ಸತ್ತ ದಿನ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ಗುಡಾರದ ಬಾಗಿಲಿಗೆ ಬಂದು ನಿಂತ.

"ಈ ಗೋಳಾಟ ಎಲ್ಲಾ ಪಾಳೇಗಾರರ ಕಾಲದ್ದು. ವಿಜ್ಞಾನದ ಪ್ರಕಾರ ಸತ್ತವನಿಗೆ ಕಿವಿ ಕೇಳ್ಸಲ್ಲ," ಎಂದು, ಯಾರೂ ಎತ್ತುವ ಮುಂಚೆಯೇ ನಿಲ್ಲಿಸಿಬಿಟ್ಟ.

ಸೈರಕಾನ್ ಆಗ ಹರೆಯದವಳು. ಮರುದಿನ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಹಸುಗಳ ಮುಂದೆ ಪೂರ್ತಿ ಕೊಶೋಕ್ ಹೇಳಿ ಮುಗಿಸಿದಳಂತೆ. ಅವತ್ತು ಹಸುಗಳು ಹಾಲು ಹೆಚ್ಚು ಕೊಟ್ಟವು ಎಂದು ಅವಳೇ ನಗುತ್ತಾ ನನಗೆ ಹೇಳಿದ್ದಳು.

ಆಮೇಲೆ ಸೋವಿಯತ್ ಕುಸಿದು ಬಿತ್ತು. ಕೆಂಪು ಪಟ್ಟಿಯವರೆಲ್ಲ ಮನೆಗೆ ಹೋಗಿ ನಮ್ಮ ಕಿರ್ಗಿಜರ ಬಿಳಿ ಉಣ್ಣೆಯ ಟೋಪಿ ಹಾಕಿಕೊಂಡು ಬಂದರು. ತುರ್ದುಬೆಕ್ ಅಷ್ಟು ಹೊತ್ತಿಗೆ ಶಾಲೆಯ ಹೆಡ್‌ಮೇಷ್ಟ್ರು. ದೇವರನ್ನು ಮಾತ್ರ ಬಿಡಲಿಲ್ಲ, ಅಂದರೆ ದೇವರನ್ನು ಬೈಯುವುದನ್ನು. ನನ್ನ ಅಂಗಡಿ ಮುಂದಿನ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತು, ಮಸೀದಿಗೆ ಹೋಗುವವರನ್ನು ಕರೆದು, "ಏನ್ರಯ್ಯಾ, ಮೇಲಿನವನು ಇವತ್ತು ಮನೇಲಿದ್ದಾನಾ?" ಎಂದು ಕೇಳುವುದು ಅವನ ದಿನದ ಕಸುಬು. ಅದೇ ಮನುಷ್ಯನಿಗೆ ಈಗ ರಾಷ್ಟ್ರದ ಸಂಸ್ಕೃತಿ ಬೇಕಾಯಿತು. ಜಿಲ್ಲೆಯ ದೊಡ್ಡವರು ಬರುತ್ತಾರೆ, ವೇದಿಕೆಯ ಮೇಲೆ ಕೊಶೋಕ್ ಹೇಳಬೇಕು ಎಂದು ಸೈರಕಾನ್ ಮನೆಗೆ ಹೋದ. ನಾನೂ ಅಲ್ಲಿದ್ದೆ.

"ಯಾರು ಸತ್ತಿದ್ದು?" ಎಂದಳು ಎಜೆ.

"ಯಾರೂ ಸತ್ತಿಲ್ಲ. ಇದು ಕಾರ್ಯಕ್ರಮ."

"ಯಾರೂ ಸಾಯ್ದೆ ಹೆಂಗ್ ಅಳೋದು ಮೇಷ್ಟ್ರೇ? ನೀವೇನಾದ್ರೂ ಮನಸ್ಸು ಮಾಡಿದ್ರೆ ಬೇರೆ ಮಾತು."

ಮೇಷ್ಟ್ರು ನಗಲಿಲ್ಲ. ಕೊನೆಗೆ ಅವಳಿಗೆ ವೆಲ್ವೆಟ್ ನಿಲುವಂಗಿ ತೊಡಿಸಿ, ರಟ್ಟಿನ ಗುಡಾರದ ಮುಂದೆ ಕೂರಿಸಿದರು. ಅವಳು ಹಿಂದಿನ ವಾರ ಸತ್ತಿದ್ದ ತನ್ನ ಬಿಳಿ ಕುದುರೆಯ ಮೇಲೆ ಕೊಶೋಕ್ ಕಟ್ಟಿ ಹಾಡಿದಳು. ಮುಂದಿನ ಸಾಲಿನ ದೊಡ್ಡ ಮನುಷ್ಯರು ಯಾರೋ ಮಹಾತಾಯಿ ಎಂದುಕೊಂಡು ಕರವಸ್ತ್ರ ತೆಗೆದರು. ನಕ್ಕೂ ನಕ್ಕೂ ನನಗೆ ಹೊಟ್ಟೆ ನೋವು ಬಂತು. ಅಷ್ಟರಲ್ಲೇ ಮೇಷ್ಟ್ರು ವೇದಿಕೆ ಹತ್ತಿ, "ಈ ಕಲೆಯನ್ನು ಉಳಿಸಲು ನಾನು ಜೀವಮಾನವಿಡೀ ಹೋರಾಡಿದ್ದೇನೆ," ಎಂದ. ನನ್ನ ನಗು ಅಲ್ಲಿಗೇ ನಿಂತಿತು.

ಆ ಮೇಷ್ಟ್ರ ಮನೆಗೇ ಜೀಪಾರ್ ಸೊಸೆಯಾಗಿ ಹೋದಳು. ಯಾರೂ ಬಲವಂತ ಮಾಡಿದ್ದಲ್ಲ. ಮೇಷ್ಟ್ರ ಮಗ ಎರ್ಮೆಕ್ ವ್ಯಾನ್ ಓಡಿಸುತ್ತಿದ್ದ, ಗಿಟಾರ್ ಬಾರಿಸುತ್ತಿದ್ದ, ನೋಡಲು ಲಕ್ಷಣವಾಗಿದ್ದ. ಅವಳೇ ಮೆಚ್ಚಿದಳು. ಮದುವೆಯಾದ ಮೇಲೆ ಗಿಟಾರಿಗಿಂತ ಬಾಟಲಿ ಹೆಚ್ಚಾಯಿತು. ಒಂದು ದಿನ ವ್ಯಾನನ್ನು ಪಾಪ್ಲರ್ ಮರಕ್ಕೆ ಗುದ್ದಿ ಬದುಕಿಕೊಂಡ. ಆಸ್ಪತ್ರೆಯಿಂದ ಬಂದವನು ಕುಡಿತ ಬಿಟ್ಟು ಗಡ್ಡ ಬಿಟ್ಟ. ದಾವತ್ ತಂಡ ಸೇರಿ, ನಿಲುವಂಗಿ ತೊಟ್ಟು, ಊರೂರು ತಿರುಗಿ ಜನರನ್ನು ಮಸೀದಿಗೆ ಕರೆಯುವುದಕ್ಕೆ ಹೊರಟ.

"ಕುಡಿಯೋದಾದ್ರೂ ಬಿಟ್ಟನಲ್ಲ ಗುಲಾಯಿಮ್ ಅಕ್ಕ," ಎಂದು ಜೀಪಾರ್ ನನ್ನ ಹತ್ತಿರ ಸಂತೋಷಪಟ್ಟಳು. ನನ್ನ ವ್ಯಾಪಾರ ಕಡಿಮೆಯಾದರೂ ನನಗೂ ಸಂತೋಷವೇ ಆಯಿತು. ಆ ತಂಡದಲ್ಲಿ ನಿಜವಾಗಿ ತಿದ್ದಿಕೊಂಡ ಹುಡುಗರೂ ಇದ್ದರು, ಅವರನ್ನು ನಾನು ಬೈಯುವುದಿಲ್ಲ. ಎರ್ಮೆಕ್‌ನ ಚಟ ಮಾತ್ರ ಬದಲಾಗಿತ್ತು, ಮನುಷ್ಯ ಬದಲಾಗಿರಲಿಲ್ಲ. ಮುಂಚೆ ಕುಡಿದು ಕಿರುಚುತ್ತಿದ್ದ, ಈಗ ಕುಡಿಯದೆ ಕಿರುಚಿದ. ಜೀಪಾರ್ ನಗಬಾರದು, ಬಾವಿ ಕಟ್ಟೆಯಲ್ಲಿ ನಿಲ್ಲಬಾರದು, ಅವನಿಲ್ಲದಾಗ ಊರ ಗಡಿ ದಾಟಬಾರದು. ಅಪ್ಪ ಬೆಂಚಿನ ಮೇಲೆ ಕೂತು ಮಗನ ಗಡ್ಡವನ್ನು ಆಡಿಕೊಳ್ಳುವನು, ಮಗ ಮಸೀದಿಯಲ್ಲಿ ಕೂತು ಅಪ್ಪನನ್ನು ಕಾಫಿರ ಎನ್ನುವನು. ಒಂದೇ ಒಲೆಯ ಅನ್ನ ಇಬ್ಬರಿಗೂ ಬೇಯಿಸಿ ಹಾಕುತ್ತಿದ್ದವಳು ಜೀಪಾರ್.

ಒಂದು ಬೇಸಿಗೆ ಸೈರಕಾನ್ ಮೇಲಿನ ಹುಲ್ಲುಗಾವಲಲ್ಲಿದ್ದಳು. ಅಲ್ಲಿ ಫೋನು ಹತ್ತುವುದಿಲ್ಲ. ಎರ್ಮೆಕ್ ದಾವತ್ ಮೇಲೆ ದಕ್ಷಿಣಕ್ಕೆ ಹೋಗಿದ್ದ. ಒಂದು ದಿನ ಬೆಳಿಗ್ಗೆ ಜೀಪಾರ್‌ಗೆ ಹೊಟ್ಟೆ ನೋವು ಶುರುವಾಯಿತು. ಗಂಡನಿಗೆ ಫೋನ್ ಮಾಡಿದಳು. ಲೇಡಿ ಡಾಕ್ಟರ್ ಇದ್ದರೆ ನೋಡು, ಗಂಡಸು ಡಾಕ್ಟರ್ ಮುಟ್ಟಬಾರದು, ನಮ್ಮ ಹಿರಿಯರನ್ನು ಕೇಳಿ ಹೇಳುತ್ತೇನೆ, ಅಲ್ಲಿವರೆಗೂ ಮನೆ ಬಿಡಬೇಡ ಎಂದ. ಅವನ ಹಿರಿಯರು ಊಟಕ್ಕೆ ಕೂತಿದ್ದರೋ ನಿದ್ದೆಗೆ ಬಿದ್ದಿದ್ದರೋ, ಉತ್ತರ ಬರಲಿಲ್ಲ.

ಅಂಗಳದಲ್ಲಿ ಮೇಷ್ಟ್ರ ಕಾರು ನಿಂತಿತ್ತು, ತೊಳೆದು ಹೊಳೆಯುತ್ತಾ. ಸೊಸೆ ಹೊಟ್ಟೆ ಹಿಡಿದುಕೊಂಡು ಹೋಗಿ ಕೇಳಿದಳು. ವಿಜ್ಞಾನದ ಮನುಷ್ಯ ಪೇಪರಿನಿಂದ ಕಣ್ಣೆತ್ತಿ ಹೇಳಿದ ಮಾತು ಇದು:

"ನಿನ್ನ ಗಂಡನ ದೇವ್ರೇ ಬಂದು ಆಪರೇಷನ್ ಮಾಡ್ಲಿ. ನಾನು ಕರ್ಕೊಂಡು ಹೋದ್ರೆ ನಾಳೆ ಅವನು ನನ್ನ ಮೇಲೆ ಎಗರ್ತಾನೆ."

ತಮಾಷೆಗೆ ಹೇಳಿದ್ದಂತೆ. ಮಗನಿಗೆ ಬುದ್ಧಿ ಬರಲಿ ಎಂದು ಹೇಳಿದ್ದಂತೆ. ನಾನು ಇದನ್ನು ಬೇರೆಯವರ ಬಾಯಿಂದ ಕೇಳಿದ್ದಲ್ಲ. ಮಧ್ಯಾಹ್ನ ಅವಳು ಬೇಲಿ ಹಿಡಿದು ನನ್ನ ಹಿತ್ತಿಲಿಗೆ ಬಂದು, ಅಕ್ಕ, ಮಾವ ಹೀಗಂದ್ರು ಎಂದು ಹೇಳಿ, ಹಾಗೇ ಕುಸಿದಳು. ಅಂಗಡಿ ತೆರೆದದ್ದು ತೆರೆದ ಹಾಗೆ ಬಿಟ್ಟು, ರಸ್ತೆಗೆ ಅಡ್ಡ ನಿಂತು ಆಲೂಗಡ್ಡೆ ಲಾರಿಯೊಂದನ್ನು ನಿಲ್ಲಿಸಿದೆ. ಜಿಲ್ಲಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. ಅಪೆಂಡಿಕ್ಸ್ ಒಡೆದು ವಿಷ ಹರಡಿತ್ತು. ಬೆಳಿಗ್ಗೆಯೇ ತಂದಿದ್ದರೆ ಸಣ್ಣ ಕೆಲಸವಾಗಿತ್ತು ಎಂದ ಡಾಕ್ಟರು ನನ್ನ ಮುಖ ನೋಡಲಾರದೆ ಕೈ ತೊಳೆಯುತ್ತಾ ನಿಂತ. ಮೂವತ್ತು ತುಂಬಿರದ ಹುಡುಗಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ನಾನು ವಾಪಸು ಬಂದೆ.

ಎರ್ಮೆಕ್ ಬಂದ. ಅಪ್ಪ ಮಗ ಇಬ್ಬರೂ ನನ್ನ ಅಂಗಡಿಯಲ್ಲೇ, ಸಕ್ಕರೆ ಚಹಾಪುಡಿ ತೂಗಿಸಿಕೊಳ್ಳುತ್ತಾ, ಹೆಣದ ಮೇಲೆ ಚೌಕಾಸಿಗೆ ನಿಂತರು.

"ಗುಡಾರ ಗಿಡಾರ ಏನೂ ಬೇಡ," ಎಂದ ಮಗ. "ಸಾವಿಗೆ ಕುದುರೆ ಕೊಯ್ಯೋದು ಧರ್ಮದಲ್ಲಿಲ್ಲ. ಬೇಗ ಮಣ್ಣು ಮಾಡ್ಬೇಕು."

"ಜಿಲ್ಲೆಯಿಂದ ಜನ ಬರ್ತಾರೆ ಕಣೋ. ಹೆಡ್‌ಮೇಷ್ಟ್ರ ಮನೆ ಸಾವು, ಮಾಂಸ ಇಲ್ದೆ ಕಳಿಸಿದ್ರೆ ಏನಂತಾರೆ?"

"ನಿಮ್ಮ ಮರ್ಯಾದೆ ನಿಮಗೆ."

"ನಿನ್ನ ಸ್ವರ್ಗ ನಿನಗೆ. ಗುಡಾರ ಇರ್ಲಿ, ಕುದುರೆ ಇರ್ಲಿ. ವೋಡ್ಕಾ ಬೇಡ, ಅದು ನಿನಗೋಸ್ಕರ ಬಿಟ್ಟೆ."

ಎರ್ಮೆಕ್ ಸ್ವಲ್ಪ ಹೊತ್ತು ಗಡ್ಡ ಎಳೆದುಕೊಂಡ. ಆಮೇಲೆ, "ಆದ್ರೆ ಅತ್ತೆ ಕೊಶೋಕ್ ಹೇಳ್ಬಾರ್ದು," ಎಂದ.

"ಬೇಡವೇ ಬೇಡ," ಎಂದ ಅಪ್ಪ, ಒಂದು ಕ್ಷಣವೂ ಯೋಚಿಸದೆ.

ಬದುಕಿನಲ್ಲಿ ಒಮ್ಮೆಯಾದರೂ ಒಂದೇ ಮಾತಿಗೆ ಬಂದ ಅಪ್ಪ ಮಗನನ್ನು ನೋಡುತ್ತಾ ನಾನು ತಕ್ಕಡಿ ಹಿಡಿದು ನಿಂತಿದ್ದೆ. ಥೂ ಎನಿಸಿತು. ಒಬ್ಬನಿಗೆ ಅಲ್ಲಾಹು, ಇನ್ನೊಬ್ಬನಿಗೆ ವಿಜ್ಞಾನ. ಹುಲ್ಲುಗಾವಲಿಂದ ಇಳಿದು ಬರುತ್ತಿದ್ದ ಒಬ್ಬ ಮುದುಕಿಯ ಬಾಯಿ ಮುಚ್ಚಿಸಲು ಮಾತ್ರ ಇಬ್ಬರಿಗೂ ಒಂದೇ ಅಂಗೈ. ನಾನು ಅವಳಿಗೆ ಎಲ್ಲವನ್ನೂ ಹೇಳುತ್ತೇನೆ, ಅವಳು ಕೊಶೋಕಿಗೆ ಕೂತರೆ ಕಾರೂ ಬರುತ್ತದೆ, ಫೋನೂ ಬರುತ್ತದೆ, ಆ ತಮಾಷೆಯೂ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಸೈರಕಾನ್ ಕುದುರೆಯ ಮೇಲೆ ಬಂದಳು. ಮೇಲೆ ಕುಮಿಸ್, ಹುಳಿ ಬರಿಸಿದ ಕುದುರೆ ಹಾಲು, ಕೊಳ್ಳಲು ಹೋದವರು ಮಗಳಿಗೆ ಹುಷಾರಿಲ್ಲ ಎಂದಷ್ಟೇ ಹೇಳಿ ಕಳಿಸಿದ್ದರು. ರಸ್ತೆಯ ತಿರುವಿನಿಂದ ಬಿಳಿ ಗುಡಾರ ಕಾಣಿಸಿತಲ್ಲ, ಅಲ್ಲೇ ತಿಳಿಯಿತು. ಕುದುರೆಯಿಂದ ಇಳಿದು, ಸೊಂಟಕ್ಕೆ ಕೈ ಕೊಟ್ಟು, ಎದೆ ತುಂಬ ಉಸಿರೆಳೆದುಕೊಂಡಳು. ನಾನು ಅವಳನ್ನು ಹಿಡಿದುಕೊಳ್ಳಲು ಓಡಿದೆ. ನನಗಿಂತ ಮುಂಚೆ ಎರ್ಮೆಕ್ ತಲುಪಿದ್ದ. ಬೈಯಲಿಲ್ಲ ಅವನು. ಬೈದಿದ್ದರೆ ಅವಳು ಅಂಜುವವಳಲ್ಲ. ತಲೆ ತಗ್ಗಿಸಿ, ಮೆತ್ತಗೆ ಹೇಳಿದ:

"ಅತ್ತೆ, ನೀವು ನಮಾಜಿ. ನಿಮಗೆ ಹೇಳಿದ್ರೆ ಅರ್ಥ ಆಗತ್ತೆ. ಹಾಡ್ಕೊಂಡು ಅತ್ರೆ ಗೋರಿಯಲ್ಲಿ ಅವಳಿಗೆ ಹಿಂಸೆ ಆಗತ್ತೆ. ನೀವು ಒಂದೊಂದು ಮಾತು ಎತ್ತಿದಾಗ್ಲೂ ಅವಳಿಗೆ ಅಲ್ಲಿ ಒಂದೊಂದು ಏಟು. ನಿಮ್ಮ ಮಗಳಿಗೆ ಅದು ಬೇಕಾ?"

ಅವಳ ಎದೆಯ ಉಸಿರು ಹಾಗೆಯೇ ನಿಂತಿತು. ಮಸೀದಿಯ ಮುದುಕ ಮುಲ್ಲಾ ಪಕ್ಕದಲ್ಲೇ ಇದ್ದ. ಅವಳು ಅವನ ಕಡೆ ತಿರುಗಿ, "ಹೌದಾ ಮುಲ್ಲಾ?" ಎಂದು ಕೇಳಿದಳು. ಮುಲ್ಲಾ ಗಂಟಲು ಸರಿಮಾಡಿಕೊಂಡು ನೆಲ ನೋಡಿದ. ಮಸೀದಿಗೆ ಹೊಸ ರತ್ನಗಂಬಳಿ ತಂದುಕೊಟ್ಟವರು ಎರ್ಮೆಕ್‌ನ ತಂಡದವರು. ಗಂಬಳಿಯ ಮೇಲೆ ನಿಂತವನಿಗೆ ಬಾಯಿ ಎಲ್ಲಿಂದ ಬರಬೇಕು?

ಸೈರಕಾನ್ ಗುಡಾರದ ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ, ಕೈ ಸೊಂಟದ ಮೇಲಿಟ್ಟು ಕೂತಳು. ದನಿ ಬರಲಿಲ್ಲ. ತುಟಿ ಅಲುಗುವುದನ್ನು ಕೂಡ ಹಲ್ಲಿನಿಂದ ಕಚ್ಚಿ ಹಿಡಿದಳು. ಊರಲ್ಲಿ ಸತ್ತ ಪ್ರತಿಯೊಬ್ಬನಿಗೂ ಅತ್ತವಳು, ಹಸುಗಳ ಮುಂದೆ ಅತ್ತವಳು, ಕುದುರೆಗೂ ಅತ್ತವಳು, ಹೆತ್ತ ಮಗಳ ಹೆಣದ ಪಕ್ಕ ಮೂಕಿಯ ಹಾಗೆ ಕೂತಿದ್ದಳು. ಹೆಣ ಎತ್ತುವ ಹೊತ್ತಿಗೆ ಉಳಿದ ಹೆಂಗಸರಿಗೆ ಬಾಯಿ ಬಂತು. ಅವಳು ಎರಡೂ ಕೈ ಚಾಚಿ ಅವರನ್ನೂ ಸುಮ್ಮನಾಗಿಸಿದಳು.

"ಬೇಡ ಕಣ್ರೇ. ಅವಳಿಗೆ ಏಟು ಬೀಳತ್ತೆ," ಎಂದಳು.

ಹೊರಗೆ ಕುದುರೆ ಮಾಂಸದ ಕಡಾಯಿ ಕುದಿಯುತ್ತಿತ್ತು. ಮೇಷ್ಟ್ರು ಜಿಲ್ಲೆಯವರಿಗೆ ಎಲುಬು ಆರಿಸಿ ಬಡಿಸುತ್ತಿದ್ದ. ಎರ್ಮೆಕ್ ಒಂದು ಗುಂಪಿಗೆ ಸಬರ್ ಬಗ್ಗೆ, ತಾಳ್ಮೆಯ ಬಗ್ಗೆ ಹೇಳುತ್ತಿದ್ದ. ನಾನು ಅವತ್ತು ಆ ಮನೆಯ ನೀರು ಮುಟ್ಟಲಿಲ್ಲ.

ಆಮೇಲೆ ಸೈರಕಾನ್ ಯಾರ ಸಾವಿಗೂ ದನಿ ಎತ್ತಲಿಲ್ಲ. ಕರೆಯಲು ಬಂದವರಿಗೆ, ಪಾಪ ಸತ್ತವರಿಗೆ ಯಾಕೆ ಹಿಂಸೆ ಎನ್ನುವಳು. ಹಳೆಯ ಸಾವುಗಳೆಲ್ಲ ಅವಳ ತಲೆಯಲ್ಲಿ ಎದ್ದು ಕೂತವು. ಅಪ್ಪನಿಗೆ ಅತ್ತಿದ್ದೆ, ಅವನಿಗೆಷ್ಟು ಏಟು ಬಿತ್ತೋ, ಗಂಡನಿಗೆ ಮೂರು ದಿನ ಅತ್ತಿದ್ದೆ ಎಂದು ನನ್ನ ಅಂಗಡಿಯಲ್ಲಿ ಕೂತು ಕೇಳುವಳು. ಅವರೆಲ್ಲರ ಹೆಸರಲ್ಲಿ ಕ್ಷಮೆ ಬೇಡಿ ನಮಾಜಿನ ಚಾಪೆಯ ಮೇಲೆ ಗಂಟೆಗಟ್ಟಲೆ ಬಗ್ಗಿರುವಳು. ಅವಳ ಮಂಡಿ ಊದಿಕೊಂಡವು. ಮೇಷ್ಟ್ರು ಬೆಂಚಿನಿಂದ, "ನೋಡಿ, ಧರ್ಮ ಹೆಂಗಸರನ್ನ ಏನ್ ಮಾಡಿಬಿಡತ್ತೆ," ಎಂದು ದಾರಿಹೋಕರಿಗೆ ಪಾಠ ಹೇಳಿದ. ಆ ಮಾತು ಕೇಳಿದ ದಿನ ಬೆಂಚನ್ನು ಒಳಗೆ ಎಳೆದುಹಾಕಿದೆ.

ಎರ್ಮೆಕ್ ವರ್ಷ ತುಂಬುವ ಮುಂಚೆ ಇನ್ನೊಂದು ಮದುವೆಯಾದ. ಆಮೇಲಾಮೇಲೆ ಗಡ್ಡ ಸಣ್ಣದಾಯಿತು, ಆಮೇಲೆ ಮಾಯವಾಯಿತು. ಅವನಿಗೆ ಗ್ರಾಮ ಸಭೆಯ ಸದಸ್ಯನಾಗಬೇಕಿತ್ತು. ಕಚೇರಿಯಲ್ಲಿ ಉದ್ದ ಗಡ್ಡಕ್ಕೆ ಕುರ್ಚಿ ಕೊಡುವುದಿಲ್ಲ ಎಂದು ಯಾರೋ ಕಿವಿಗೆ ಹಾಕಿದ್ದರು. ಕೋಟು ಹೊಲಿಸಿಕೊಂಡ, ಸದಸ್ಯನೂ ಆದ. ಈಗ ಅವನೇ ರಾಷ್ಟ್ರ, ಸಂಸ್ಕೃತಿ, ಪೂರ್ವಜರು ಎನ್ನಲು ಶುರುಮಾಡಿದ. ಧರ್ಮ ಮನೆಯೊಳಗಿರಬೇಕು ಎಂದು ಸಭೆಯಲ್ಲಿ ಭಾಷಣ ಮಾಡಿದ ಎಂದು ಕೇಳಿದಾಗ ನಾನು ಅಚ್ಚರಿಪಡಲಿಲ್ಲ. ಅಂಗಿ ಬದಲಾಯಿಸಿದಷ್ಟೇ ಸಲೀಸು ಅವನಿಗೆ.

ಈ ಸಲದ ಹಿಮ ಕರಗುವ ಹೊತ್ತಿಗೆ ತುರ್ದುಬೆಕ್ ಮೇಷ್ಟ್ರು ಸತ್ತ. ಸ್ನಾನದ ಮನೆಯಿಂದ ಬಂದು, ಚಹಾ ಕೇಳಿ, ಕುರ್ಚಿಯಲ್ಲೇ ಒರಗಿದನಂತೆ. ಅಂಗಳದಲ್ಲಿ ಮತ್ತೆ ಬಿಳಿ ಗುಡಾರ ಎದ್ದಿತು, ಮೊದಲಿಗಿಂತ ದೊಡ್ಡದು. ಜಿಲ್ಲೆಯ ಅಧಿಕಾರಿಗಳು, ಹಳೆಯ ವಿದ್ಯಾರ್ಥಿಗಳು, ಬಿಶ್ಕೆಕ್‌ನಿಂದ ಯಾರೋ ಟೀವಿಯವರು. ಇಷ್ಟು ಜನ ಸೇರಿದ ಸಾವಿನಲ್ಲಿ ಕೊಶೋಕ್ ಇಲ್ಲದಿದ್ದರೆ ಮೂಗಿಲ್ಲದ ಮುಖದ ಹಾಗೆ. ಮೇಷ್ಟ್ರ ಹೆಣ್ಣುಮಕ್ಕಳು ಪಟ್ಟಣದವರು, ಕೊಶೋಕ್ ಬಾರದು, ಕರವಸ್ತ್ರ ಹಿಡಿದು ಬಿಕ್ಕುತ್ತಿದ್ದರು. ಎರ್ಮೆಕ್ ಕೋಟು ಹಾಕಿಕೊಂಡು ಸೈರಕಾನ್ ಮನೆಗೆ ಬಂದ. ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಾ ನಾನು ಅಲ್ಲೇ ಕೂತಿದ್ದೆ.

"ಅತ್ತೆ, ನೀವು ಬರ್ಬೇಕು. ಅಪ್ಪನಿಗೆ ನೀವಲ್ದೆ ಇನ್ಯಾರು ಹೇಳ್ತಾರೆ? ಊರಿನ ಮಾನದ ಪ್ರಶ್ನೆ," ಎಂದ.

ಸೈರಕಾನ್ ಅವನನ್ನೇ ನೋಡಿದಳು. "ಗೋರಿಯಲ್ಲಿ ಅವರಿಗೆ ಹಿಂಸೆ ಆಗಲ್ವಾ?"

"ಅಯ್ಯೋ, ಅದೆಲ್ಲಾ ಯಾವ ಕಾಲದ ಮಾತು ಅತ್ತೆ. ಆಗ ಹುಡುಗುಬುದ್ಧಿ. ಕೊಶೋಕ್ ನಮ್ಮ ಪೂರ್ವಜರದ್ದು. ಅದ್ರಿಂದ ಏನೂ ಆಗಲ್ಲ."

"ಏನೂ ಆಗಲ್ವಾ?"

"ಏನೂ ಆಗಲ್ಲ. ನಾನು ಹೇಳ್ತೀನಲ್ಲ."

ನನ್ನ ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಅವನ ಕೋಟಿನ ಮೇಲೆ ಸುರಿಯಬೇಕು ಎನಿಸಿತು. ಇಷ್ಟು ವರ್ಷ ಒಂದು ಹೆಂಗಸು ನುಂಗಿಕೊಂಡು ಕೂತ ಅಳುವನ್ನು, ಮಗಳ ಮೇಲಿನ ಭಯದಲ್ಲಿ ಸವೆಸಿದ ಮಂಡಿಗಳನ್ನು, ಎಂಜಲು ಉಗುಳಿದಷ್ಟು ಸುಲಭವಾಗಿ ಹುಡುಗುಬುದ್ಧಿ ಎಂದು ಉಗುಳಿ ನಿಂತಿದ್ದ. ಅವನಿಗೆ ಜೀಪಾರ್ ನೆನಪಾದ ಗುರುತು ಮುಖದ ಮೇಲೆಲ್ಲೂ ಇರಲಿಲ್ಲ.

ಸೈರಕಾನ್ ಮಾತ್ರ ಬೈಯಲಿಲ್ಲ. ಕಪ್ಪು ಶಾಲು ಹೊದ್ದು, "ನಡಿ, ಬರ್ತೀನಿ," ಎಂದಳು.

ಗುಡಾರದಲ್ಲಿ ಅವಳಿಗೆ ಹಿರಿಯಳ ಜಾಗ ಬಿಟ್ಟುಕೊಟ್ಟರು. ಟೀವಿಯವರು ಬಾಗಿಲ ಹತ್ತಿರ ಕ್ಯಾಮೆರಾ ಇಟ್ಟರು. ಹೊರಗೆ ಗಂಡಸರು ಕೋಲೂರಿ ಸಾಲಾಗಿ ನಿಂತು ಕಿವಿ ನಿಮಿರಿಸಿದರು. ಅವಳು ಸೊಂಟಕ್ಕೆ ಕೈಕೊಟ್ಟು ಕೂತಳು, ಉಸಿರೆಳೆದುಕೊಂಡಳು, ಬಿಟ್ಟಳು. ಮತ್ತೇನೂ ಬರಲಿಲ್ಲ. ಹೆಂಗಸರ ಬಿಕ್ಕು ಕೂಡ ನಿಂತು, ಕಡಾಯಿ ಕುದಿಯುವುದು ಒಳಗೆ ಕೇಳಿಸಿತು. ಮೇಷ್ಟ್ರ ತಂಗಿ ಮೊಣಕೈಯಿಂದ ತಿವಿದು, "ಎತ್ತಿಕೊಡು ಎಜೆ, ಜನ ಕಾಯ್ತಿದ್ದಾರೆ," ಎಂದಳು.

ಸೈರಕಾನ್ ರಾಗವಿಲ್ಲದೆ, ಬಾಗಿಲವರೆಗೂ ಕೇಳುವ ಹಾಗೆ ಹೇಳಿದಳು:

"ಇವರ ಮಗ ನನಗೆ ಧರ್ಮ ಹೇಳಿಕೊಟ್ಟಿದ್ದಾನೆ. ಹಾಡ್ಕೊಂಡು ಅತ್ರೆ ಗೋರಿಯಲ್ಲಿ ಏಟು ಬೀಳತ್ತಂತೆ. ಬೀಗರಿಗೆ ನಾನ್ಯಾಕೆ ಏಟು ಕೊಡಿಸ್ಲಿ? ಅವರಿಗೆ ಅಂತೂ ಸತ್ತ ಮೇಲೆ ಕಿವಿ ಕೇಳ್ಸಲ್ಲ. ಅವರೇ ಹೇಳಿದ್ರು, ನಮ್ಮಪ್ಪ ಸತ್ತ ದಿನ."

ಎದ್ದಳು. ಕ್ಯಾಮೆರಾ ದಾಟಿ ಹೊರಗೆ ಬಂದಳು. ಗಂಡಸರು ದಾರಿ ಬಿಟ್ಟರು. ನಾನೂ ಹಿಂದೆಯೇ ನಡೆದೆ. ಮನೆಗೆ ಹೋಗುತ್ತಾಳೆಂದು ತಿಳಿದಿದ್ದೆ, ಅವಳು ಬೆಟ್ಟದ ಬದಿಯ ಗೋರಿಗಳ ದಾರಿ ಹಿಡಿದಳು.

"ಎಜೆ, ಮಣ್ಣಿನ ದಿನ ಹೆಂಗಸರು ಅಲ್ಲಿಗೆ ಹೋಗೋ ಹಾಗಿಲ್ಲ," ಎಂದೆ.

"ಇವತ್ತಿನ ಮಣ್ಣು ನನ್ನವರದ್ದಲ್ಲ," ಎಂದಳು.

ಮಂಡಿ ನೋವಿಗೆ ನಿಂತು ನಿಂತು ಹತ್ತಿದಳು. ಕರಗಿದ ಹಿಮದ ಕೆಸರು ಬೂಟಿಗೆ ಮೆತ್ತಿಕೊಳ್ಳುತ್ತಿತ್ತು. ಅರ್ಧ ದಾರಿಯಲ್ಲಿ ನನ್ನ ತೋಳು ಹಿಡಿದುಕೊಂಡಳು.

"ಗುಲಾಯಿಮ್, ಅವನು ಅವತ್ತು ಹೇಳಿದ್ದು ಸುಳ್ಳಾ?"

"ನಾನು ವೋಡ್ಕಾ ಮಾರೋಳು ಎಜೆ. ದೇವರ ವಿಷಯ ನನ್ನ ಕೇಳ್ಬೇಡ."

"ಅವನಿಗೇ ಅದ್ರಲ್ಲಿ ನಂಬಿಕೆ ಇರ್ಲಿಲ್ಲ," ಎಂದಳು. "ನಾನು ನಂಬಿದೆ. ನನ್ನ ಮಗು ಇಷ್ಟು ವರ್ಷ ಅಲ್ಲಿ ಅಳು ಇಲ್ದೆ ಮಲಗಿದೆ."

ನಾನು ಅವಳಿಗೆ ತೋಳು ಕೊಟ್ಟು ಮುಂದಕ್ಕೆ ಹತ್ತಿಸಿದೆ.

ಜೀಪಾರ್‌ಳ ಗೋರಿ ದಾರಿಗೆ ಅಂಟಿಕೊಂಡೇ ಇದೆ. ಮೇಷ್ಟ್ರಿಗೆ ಅಗೆದಿದ್ದ ಗುಂಡಿ ಅದರಿಂದ ಮೇಲಕ್ಕೆ. ಅಲ್ಲಿಗೆ ಹೋಗಲು ಬೇರೆ ದಾರಿಯಿಲ್ಲ, ಇದ್ದ ದಾರಿಯೂ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಸೈರಕಾನ್ ಆ ದಾರಿಯ ನಡುವೆಯೇ, ಗೋರಿಗೆ ಮುಖ ಮಾಡಿ ಕೆಸರಿನಲ್ಲಿ ಕೂತಳು. ಮೊದಲು ಬಿಸ್ಮಿಲ್ಲಾ ಎಂದಳು, ಅಜ್ಜಿಯ ಹಲ್ಲಿಲ್ಲದ ಬಿಸ್ಮಿಲ್ಲಾ. ಆಮೇಲೆ ಎತ್ತಿದಳು.

*ಹಿಮ ಬಿದ್ದ ರಾತ್ರಿಯಲಿ ಬಂದವಳೇ ನನ ಕಂದಾ,*
*ಕುರಿಮರಿಯ ತೊಗಲಲ್ಲಿ ಬೆಚ್ಚಗೆ ಸುತ್ತಿದ್ದೆ,*
*ಯಾರ ಮನೆಯಂಗಳಕೆ ಬೆಚ್ಚಗೆ ಕೊಟ್ಟೆ ನಿನ್ನ...*

ದನಿ ಒಡೆದಿತ್ತು, ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟಿತು. ನಾಲ್ಕು ಸಾಲು ಕಳೆಯುವುದರೊಳಗೆ ಹಳೆಯ ದನಿ ತೆರೆದುಕೊಂಡಿತು. ನಾನು ಅತ್ತುಬಿಟ್ಟೆ, ಅದನ್ನು ಬೇರೆ ಹೇಗೆ ಹೇಳಲಿ.

ಅವಳು ಮಗಳ ಹಾಲು ಹಲ್ಲಿನ ವಿಷಯ ಹಾಡುತ್ತಿದ್ದಾಗ ಕೆಳಗಿನಿಂದ ಮೇಷ್ಟ್ರ ಹೆಣ ಬಂತು. ಹೊತ್ತವರು, ಹಿಂದೆ ಎರ್ಮೆಕ್, ಅವನ ಹಿಂದೆ ಜಿಲ್ಲೆಯವರು, ಕ್ಯಾಮೆರಾದವರು, ಇಡೀ ಊರಿನ ಗಂಡಸರು. ಅವಳ ಹತ್ತಿರ ಬಂದು ನಿಂತುಬಿಟ್ಟರು. ಹೇಳುತ್ತಿರುವ ಕೊಶೋಕಿಗೆ ಅಡ್ಡ ಹೋಗುವುದುಂಟೇ? ಅದೂ ತಾಯಿ, ಅದೂ ಗೋರಿಯ ಮುಂದೆ.

ಎರ್ಮೆಕ್ ಪಕ್ಕದವರ ಕಿವಿಯಲ್ಲಿ, "ಯಾರಾದ್ರೂ ಎಬ್ಬಿಸ್ರೋ," ಎಂದ. ಯಾರೂ ಅಲುಗಲಿಲ್ಲ. ಮುದುಕ ಮುಲ್ಲಾನ ಕಡೆ ತಿರುಗಿದ. ಮುಲ್ಲಾ ಈ ಸಲ ನೆಲ ನೋಡಲಿಲ್ಲ. ತನ್ನ ರುಮಾಲು ಸರಿಮಾಡಿಕೊಂಡು, "ಮುಗೀಲಿ ತಮ್ಮಾ. ನಿಮ್ಮಪ್ಪ ಇನ್ನೆಲ್ಲಿಗೂ ಹೋಗೋದಿಲ್ಲ," ಎಂದ.

ಹೊತ್ತವರು ಹೆಗಲು ಬದಲಿಸಿಕೊಂಡರು. ಮೇಷ್ಟ್ರು ಕಾಯಲಿ ಎಂದುಕೊಂಡೆ. ಅವತ್ತು ಜೀಪಾರ್ ಬೆಳಿಗ್ಗೆಯಿಂದ ಕಾದಿದ್ದಳು. ಎರ್ಮೆಕ್ ಕೋಟಿನ ಗುಂಡಿ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಸೈರಕಾನ್ ಅವರ ಯಾರ ಕಡೆಯೂ ತಿರುಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ಜೀಪಾರ್ ಹಾಡಿನಲ್ಲಿ ಇನ್ನೂ ಶಾಲೆಗೆ ಹೋಗುವ ಹುಡುಗಿ, ಎರಡು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಮದುವೆ ಬರಬೇಕಿತ್ತು, ಗಿಟಾರ್ ಬರಬೇಕಿತ್ತು, ಅಂಗಳದ ಕಾರು ಬರಬೇಕಿತ್ತು. ಹಾಡು ಯಾವ ದಿನದ ಕಡೆಗೆ ನಡೆಯುತ್ತಿದೆ ಎಂದು ಅಲ್ಲಿ ನಿಂತಿದ್ದ ಎಲ್ಲರಿಗಿಂತ ಚೆನ್ನಾಗಿ ಎರ್ಮೆಕ್‌ಗೆ ಗೊತ್ತಿತ್ತು.